ಮೇಲಿನ ಕೋಣೆಗೆ ಎರಡನೇ ರೂಟರ್

ಮಂಗಳವಾರ, ಹನ್ನೊಂದನೇ ತಾರೀಖು.

ನನಗೆ ಇನ್ನೂ ನಂಬಲಾಗುತ್ತಿಲ್ಲ.

ನನ್ನವಳು ತೀರಿಕೊಂಡಾಗಿನಿಂದ ಸೊಸೆ ಸಂಜೆಯಾದರೆ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಬರುತ್ತಾಳೆ. "ಮೇಲೆ ನೆಟ್ ಸಿಗಲ್ಲ ಮಾವ, ಇಲ್ಲೇ ಕೂತ್ಕೋತೀನಿ." ನನ್ನ ಟಿವಿ, ನನ್ನ ಹರಟೆ, ನಡುವೆ ಅವಳ ಆಫೀಸು. ಪಾಪ ಅನಿಸಿ, ಅವಳಿಗೆ ಹೇಳದೆ ಎರಡನೇ ರೂಟರ್ ತಂದೆ. ಕೇಬಲ್ಲಿನ ಒಂದು ತುದಿಯನ್ನು ಕೆಳಗೆ ಹಾಲ್‌ನಲ್ಲಿರುವ ರೂಟರಿಗೆ ಸಿಕ್ಕಿಸಿ, ಇನ್ನೊಂದನ್ನು ಮೆಟ್ಟಿಲುದ್ದಕ್ಕೂ ಎಳೆದುಕೊಂಡು ಹೋದೆ. ಫಸ್ಟ್ ಅಬ್ಸರ್ವೇಷನ್, ದೆನ್ ಎಕ್ಸ್‌ಪೆರಿಮೆಂಟ್ ಎನ್ನುತ್ತಿದ್ದರು ಕಾಲೇಜಿನ ಲ್ಯಾಬಿನಲ್ಲಿ, ಮೂರನೆಯದು ಮರೆತಿದೆ. ಹಾಗಾಗಿ ಹೊಸದನ್ನು ಜೋಡಿಸುವ ಮೊದಲು ಅವಳ ಕೋಣೆಯಲ್ಲಿ ನನ್ನ ಫೋನ್ ತೆಗೆದು ನೋಡಿದೆ.

ಕೆಳಗಿನ ರೂಟರಿನ ಸಿಗ್ನಲ್ಲೇ ಪೂರ್ತಿ ಇತ್ತು. ವಿಡಿಯೋ ಎಲ್ಲೂ ನಿಲ್ಲಲಿಲ್ಲ. ಅವಳ ಮೇಜಿನ ಹತ್ತಿರವೂ, ಮಂಚದ ಮೂಲೆಯಲ್ಲೂ ಅಷ್ಟೇ.

ಕೇಬಲ್ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ವರ್ಷದಿಂದ ಆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ನಾನು ಒಬ್ಬನೇ ಕೂರಬಾರದು ಅಂತ.

ಕೇಬಲ್ ಸುತ್ತಿಟ್ಟೆ. ಸಂಜೆ ಬಂದವಳು ರೂಟರಿನ ಡಬ್ಬ ನೋಡಿ ನಿಂತಳು.

"ಏನ್ ಮಾವ ಇದು?"

"ನಿಂಗೇ ತಂದಿದ್ದೆ ಕಣಮ್ಮ. ಎರಡೂ ಒಂದಕ್ಕೊಂದು ಹೊಂದ್ಕೊಳ್ಲಿಲ್ಲ. ವಾಪಸ್ ಕೊಡ್ತೀನಿ."

"ಈ ಮನೆ ಗೋಡೆಗಳೇ ಹಂಗೆ ಬಿಡಿ," ಎಂದು ಎಂದಿನ ಕುರ್ಚಿಯಲ್ಲಿ ಕೂತಳು.

ಟಿವಿ ಸದ್ದು ತಗ್ಗಿಸಲು ಹೋದೆ.

"ಇರ್ಲಿ ಮಾವ, ಅದಿಲ್ದಿದ್ರೆ ನಂಗೆ ಕೆಲ್ಸ ಓಡಲ್ಲ."

ಇದೂ ಸುಳ್ಳೇ ಇರಬೇಕು. ಅವಳ ಮುಖ ನೋಡಲು ನನಗೆ ಆಗಲಿಲ್ಲ, ಟಿವಿ ಸದ್ದು ಇನ್ನಷ್ಟು ಏರಿಸಿದೆ.