ಬಾಗಿಲ ಮುಂದಿನ ನವಿಲು

ಭಾನು,

ನಿನ್ನ ವಿಳಾಸ ನನ್ನ ಬಳಿ ಇಲ್ಲ. ಇದ್ದರೂ ಇದನ್ನು ಕಳಿಸುತ್ತಿರಲಿಲ್ಲ.

ನಿನ್ನೆ ನಾನೀಗಿರುವ ಈ ಪರದೇಶದ ಊರು ಲಿಮೆರಿಕ್‌ನಲ್ಲಿ ಅಪರೂಪಕ್ಕೆ ಬಿಸಿಲು ಬಂತೆಂದು ಬಿಳಿ ಬೆಡ್‌ಶೀಟೊಂದನ್ನು ಮೇಲಿನ ಕಿಟಕಿಯಿಂದ ಇಳಿಬಿಟ್ಟಿದ್ದೆ. ಪಕ್ಕದ ಮನೆಯ ಬೋಸ್ನಿಯಾದ ಅಜ್ಜಿ ಸೆನಾದಾ ಬರಿಗಾಲಲ್ಲಿ ಓಡಿಬಂದರು.

"ಫರ್ಹಾ, ಒಳಗೆ ತಗೋಳಮ್ಮ, ಬೇಗ!"

ಯುದ್ಧದಲ್ಲಿ ಅವರ ಊರಿನ ಮುಸ್ಲಿಮರೆಲ್ಲ ಕಿಟಕಿಗೆ ಬಿಳಿ ಬಟ್ಟೆ ಕಟ್ಟಬೇಕೆಂದು ರೇಡಿಯೋದಲ್ಲಿ ಹೇಳಿದ್ದರಂತೆ. ಕಟ್ಟಿದರೆ ಉಳಿಯುತ್ತೇವೆಂದು ಇವರೂ ಕಟ್ಟಿದರಂತೆ. ಆಮೇಲೆ ಆ ಬಟ್ಟೆ ನೋಡಿಕೊಂಡೇ ಮನೆಗಳನ್ನು ಖಾಲಿ ಮಾಡಿಸಿದರಂತೆ.

"ಬಂದೋರು ಹೊರಗಿನೋರಲ್ಲ. ದಿನಾ ನಮ್ಮನೇಲಿ ಕಾಫಿ ಕುಡೀತಿದ್ದೋರು."

ನನಗೆ ನಾವಿಬ್ಬರೂ ಆಡಿ ಬೆಳೆದ ನಮ್ಮ ಗಲ್ಲಿ ನೆನಪಾಯಿತು. ಹಿಂದೂ-ಮುಸ್ಲಿಂ ಗಲಾಟೆಯ ದಿನ ನಾವು ಏಳುವ ಮೊದಲೇ ಯಾರೋ ನಮ್ಮ ಬಾಗಿಲಿಗೂ ರಂಗೋಲಿ ಹಾಕಿದ್ದರು. ಸೊಟ್ಟ ಬಾಲದ ನವಿಲು, ನಿನ್ನ ಕೈಯದೇ. ಅಮ್ಮಿ ತಮಾಷೆಯೆಂದುಕೊಂಡು ಬಕೆಟ್ ನೀರು ಸುರಿದು ತೊಳೆದುಬಿಟ್ಟರು. ಮಧ್ಯಾಹ್ನ ಬಂದವರು ರಂಗೋಲಿಯಿದ್ದ ಮನೆಗಳನ್ನು ದಾಟಿ ನೇರ ನಮ್ಮಲ್ಲಿಗೆ ಬಂದರು. ಆಮೇಲೆ ಆ ಗಲ್ಲಿಯಲ್ಲಿ ನಮ್ಮವರು ಯಾರೂ ಉಳಿಯಲಿಲ್ಲ.

ನೀನು ನಮ್ಮನ್ನು ಉಳಿಸಲು ನೋಡಿದೆ ಎಂದು ಇಷ್ಟು ವರ್ಷ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನಿನ್ನೆ ಬೆಡ್‌ಶೀಟ್ ಮಡಿಸುತ್ತಿದ್ದ ಕೈ ಅಲ್ಲೇ ನಿಂತಿತು.

ಅವರು ಬರುತ್ತಾರೆಂದು ಬೆಳಿಗ್ಗೆಯೇ ನಿನಗೆ ಹೇಳಿದ್ದು ಯಾರು, ಭಾನು?