ಹೆಸರಿನ ತಗಡು

ಮಾರ್ಚ್ ೧೨, ಮಂಗಳವಾರ

ರೀ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ. ಬೇರೆ ಹೇಗೆ ಶುರು ಮಾಡಲಿ ಅಂತ ಯೋಚಿಸಿ ಯೋಚಿಸಿ ಹಾಳೆ ಹರಿದು ಹಾಕಿದೆ. ಕೊನೆಗೆ ಬಾಯಿಗೆ ರೂಢಿಯಾದದ್ದೇ ಕೈಗೂ ಬಂತು. ಇದು ರಾಜಿಯ ಪತ್ರ ಅಂದುಕೊಳ್ಳಬೇಡಿ. ನನಗೊಂದು ಬೆಲ್ಟ್ ಬೇಕು, ಅಷ್ಟೇ.

ನಾನೀಗ ಬಾಡಿಗೆಗಿರುವ ಕೋಣೆ ಒಬ್ಬ ಅಜ್ಜಿಯದು. ಅವರ ಹತ್ತಿರ ಹಳೇ ಕಾಲದ ವ್ಯಾಕ್ಯೂಮ್ ಕ್ಲೀನರ್ ಇದೆ, ನಿಂತುಕೊಂಡೇ ತಳ್ಳುವಂಥದ್ದು. ಕಂದು ಬಣ್ಣ, ಮೈಮೇಲೆ ಯಾವುದೋ ಅಂಗಡಿಯ ಹೆಸರು. ಮೊದಲ ಸಲ ಕಂಡಾಗ ಮೂಗು ಮುರಿದೆ. ಕೈಯಲ್ಲಿ ಹಿಡಿದರೆ ಹಳೇ ಪರಿಚಯ! ಹಿಡಿ ಓರೆ ಮಾಡುವ ಪೆಡಲ್ ಹುಡುಕದೆಯೇ ಎಡಗಾಲಿಗೆ ಸಿಕ್ಕಿತು. ಮಂಚದಡಿ ನುಗ್ಗಿಸಿದಾಗ ಮುಂದಿನ ಪುಟ್ಟ ಲೈಟು ಮೂಲೆಯ ಧೂಳನ್ನೆಲ್ಲ ತೋರಿಸಿತು. ಕುರ್ಚಿಯ ಕಾಲಿಗೆ ತಗುಲಿದರೂ ಗೀರು ಬೀಳದ ಹಾಗೆ ಸುತ್ತ ಅದೇ ರಬ್ಬರ್ ಪಟ್ಟಿ. ವೈರು ಸುತ್ತುವ ಮೇಲಿನ ಕೊಕ್ಕೆ ತಿರುಗಿಸಿದರೆ ಇಡೀ ಸುತ್ತು ಒಮ್ಮೆಲೇ ಜಾರಿ ಬೀಳುತ್ತದೆ. ನಮ್ಮ ಮನೆಯ ದೊಡ್ಡ ಕಂಪನಿಯ ನೀಲಿ ಮಶೀನೇ ಇದು, ಬಣ್ಣ ಬೇರೆ, ಹೆಸರು ಬೇರೆ. ನಿನ್ನೆ ಇದರ ಬೆಲ್ಟ್ ತುಂಡಾಯಿತು. ಬ್ರಶ್ ತಿರುಗುವುದಿಲ್ಲ, ಬರೀ ಗಲಾಟೆ.

ನಮ್ಮ ಜಗಳವೂ ಇಂಥದ್ದೇ ಮಶೀನಿನದಲ್ಲವೇ? ಗುಜರಿಯಲ್ಲಿ ಸಿಕ್ಕ ಕಂದು ಮಶೀನಿನ ಮೇಲಿದ್ದ ಅಂಗಡಿ ಹೆಸರಿನ ತಗಡು ಕಿತ್ತು, ದೊಡ್ಡ ಕಂಪನಿಯ ತಗಡು ಕೂರಿಸಿ, ನೀಲಿ ಬಣ್ಣ ಬಳಿದು, ಪಕ್ಕದ ಬೀದಿಯ ಟೀಚರಮ್ಮನಿಗೆ ದುಪ್ಪಟ್ಟು ಬೆಲೆಗೆ ಕೊಟ್ಟಿರಿ. ಒಂದೇ ಕಾರ್ಖಾನೆಯಿಂದ ಎರಡು ಹೆಸರಲ್ಲಿ ಬಂದ ಮಾಲು, ಇದರಲ್ಲಿ ಮೋಸ ಎಲ್ಲಿ ಬಂತು ಅಂದಿರಿ. ನಾನು ನಂಬಲಿಲ್ಲ. ನಿಮ್ಮ ರಿಪೇರಿ ಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಮಶೀನಿಗೆ ಇಲ್ಲದ ಹೆಸರು ಇಟ್ಟಿರಲ್ಲ, ಅದಕ್ಕೆ ನಾನು ಹೆಸರಿಟ್ಟೆ. ಮಾತಿಗೆ ಮಾತು ಬೆಳೆದು ಬಟ್ಟೆಬರೆ ಕಟ್ಟಿಕೊಂಡು ಹೊರಟೆ.

ಎರಡೂ ಒಂದೇ ಅಂತ ಈಗ ಒಪ್ಪುತ್ತೇನೆ. ಆದರೂ ಸಿಟ್ಟು ಇಳಿದಿಲ್ಲ. ಕಾರ್ಖಾನೆಯವರು ಅಂಗಡಿಯ ಹೆಸರು ಹಾಕಿಕೊಟ್ಟದ್ದು ಅವರಿಗೂ ಗೊತ್ತಿತ್ತು, ಅಂಗಡಿಯವರಿಗೂ ಗೊತ್ತಿತ್ತು. ನೀವು ತಗಡು ಬದಲಾಯಿಸಿದ್ದು ನಮ್ಮ ಟೀಚರಮ್ಮನಿಗೆ ಗೊತ್ತಿರಲಿಲ್ಲ. ನಿಮಗೆ ಅದು ಸಣ್ಣ ವಿಷಯ ಇರಬಹುದು, ನನಗಲ್ಲ.

ಇಷ್ಟು ಉಪದೇಶ ಮಾಡುವವಳು ಇಲ್ಲಿ ಬಂದು ಏನು ಮಾಡಿದೆ ಕೇಳಿ. ಅಜ್ಜಿಗೆ ನನಗಿನ್ನೂ ಮದುವೆಯೇ ಆಗಿಲ್ಲ ಅಂದೆ. ಬಾಗಿಲಿಗೆ ತವರಿನ ಹೆಸರು ಅಂಟಿಸಿದೆ. ಪಾಪ, ಅವರು ತಮ್ಮ ತಂಗಿಯ ಮಗನನ್ನು ನನಗೆ ಗೊತ್ತುಮಾಡಲು ಹೊರಟರು! ಆಫೀಸಿನಲ್ಲಿ ಗುಮಾಸ್ತನಂತೆ, ತಲೆ ತುಂಬ ಕೂದಲಂತೆ. ನಿಮ್ಮ ತಲೆ ನೆನಪಾಗಿ ನಗು ಬಂತು, ಹಿಂದೆಯೇ ಅಳುವೂ ಬಂತು. ನಾನೂ ತಗಡು ಬದಲಾಯಿಸಿದವಳೇ ಅಂತ ಆಗ ಹೊಳೆಯಿತು. ನಿನ್ನೆ ಎಲ್ಲ ಹೇಳಿಬಿಟ್ಟೆ: ಗಂಡ ಇದ್ದಾರೆ, ಇಂಥವೇ ಮಶೀನು ರಿಪೇರಿ ಮಾಡುತ್ತಾರೆ, ಕೈ ಚಿನ್ನ, ಬುದ್ಧಿ ಮಾತ್ರ ಆಗಾಗ ಕೈಕೊಡುತ್ತದೆ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ಅಜ್ಜಿ ಕನ್ನಡಕ ಒರೆಸಿಕೊಂಡು, ಅವರನ್ನು ನೋಡಬೇಕು ಅನ್ನಿಸುತ್ತದೆಯಾ ಅಂತಷ್ಟೇ ಕೇಳಿದರು. ನಾನು ಮೂಲೆಯ ಮಶೀನಿನ ಕಡೆ ನೋಡಿದೆ.

ಬಾಗಿಲ ಮೇಲಿನ ಚೀಟಿ ಕಿತ್ತಿದ್ದೇನೆ. ಅಂಟಿನ ಗುರುತು ಮಾತ್ರ ಉಳಿದಿದೆ, ಹೊಸದೇನೂ ಅಂಟಿಸಿಲ್ಲ.

ಬೆಲ್ಟನ್ನು ಅಂಚೆಯಲ್ಲಿ ಕಳಿಸಿದರೂ ಆದೀತು, ಹಾಕಿಕೊಳ್ಳಲು ನನಗೆ ಬರುತ್ತದೆ. ನೀವೇ ತರುವುದಾದರೆ ಮೊದಲು ಟೀಚರಮ್ಮನ ಮನೆಗೆ ಹೋಗಿ ನಿಜ ಹೇಳಿ. ಅವರು ಮಶೀನು ಹಿಂದಕ್ಕೆ ಕೊಟ್ಟರೆ ಮರುಮಾತಾಡದೆ ತೆಗೆದುಕೊಳ್ಳಿ. ಹೇಳದೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ನಿಮ್ಮ ನೆನಪು ಬಹಳ ಆಗುತ್ತದೆ. ಆದರೂ ತೆಗೆಯುವುದಿಲ್ಲ.

ಇಂತಿ,
ನೀವು 'ಇವಳೇ' ಅಂತ ಕೂಗುತ್ತಿದ್ದವಳು

ತಾ.ಕ.: ಬೆಲ್ಟ್ ತಾನಾಗಿ ತುಂಡಾಗಲಿಲ್ಲ. ನಾನೇ ಕತ್ತರಿಸಿದೆ. ಕತ್ತರಿ ತಂದುಕೊಟ್ಟವರು ಅಜ್ಜಿ.