ಹದಿನೇಳು ಗರಿ

ನವೆಂಬರ್ ೧೨, ಮಂಗಳವಾರ

ಆ ಅಜ್ಜಿಯ ಮಾತು ಇನ್ನೂ ಕಿವಿಯಲ್ಲೇ ಇದೆ.

ಯುದ್ಧದಲ್ಲಿ ಸತ್ತ ಅವರ ಅಣ್ಣನ ಬ್ಯಾಡ್ಜನ್ನು ಮೊಮ್ಮಗಳು ಕಳೆದ ತಿಂಗಳು ತಂದುಕೊಟ್ಟಿದ್ದಳು. "ಪಾಲಿಶ್‌ಗೆ ಅಂತಷ್ಟೇ ಅಜ್ಜಿಗೆ ಹೇಳಿದ್ದೀನಿ, ಹೊಸದರ ಥರ ಮಾಡ್ಕೊಡಿ" ಎಂದಿದ್ದಳು. ಹಿತ್ತಾಳೆಯ ಹದ್ದು; ಎಡರೆಕ್ಕೆ ಪೂರ್ತಿ ಬೋಳು. ರಣರಂಗದ ಮಣ್ಣಿನಲ್ಲಿ ಬಿದ್ದು ಹಾಳಾಗಿರಬೇಕು ಎಂದುಕೊಂಡೆ. ಮೂವತ್ತು ವರ್ಷ ಉಳಿ ಹಿಡಿದವನಿಗೆ ಪೆಟ್ಟು ಯಾವುದು, ಸವೆತ ಯಾವುದು ಎಂದು ತಿಳಿಯಬಾರದೇ? ಒಂಬತ್ತು ದಿನ ಭೂತಗನ್ನಡಿಗೆ ಕಣ್ಣು ಅಂಟಿಸಿಕೊಂಡು ಹದಿನೇಳು ಗರಿ ಕೆತ್ತಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಟ್ಟುವವರು ಬೇರೆ ಯಾರಿದ್ದಾರೆ!

ಇವತ್ತು ಮೊಮ್ಮಗಳು ಅಜ್ಜಿಯನ್ನೇ ಕೈಹಿಡಿದು ಕರೆತಂದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಬ್ಯಾಡ್ಜನ್ನು ಅಂಗೈಯಲ್ಲಿಟ್ಟುಕೊಂಡು ರೆಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳಿಗೆ ಗರಿ ತಡೆಯಿತು.

"ಇದು ಯಾರದಪ್ಪಾ? ನಮ್ಮಣ್ಣಂದು ನುಣ್ಣಗಿತ್ತು. ದಿನಾ ಮಲಗೋ ಮುಂಚೆ ಸವರ್ತಿದ್ದೆ."

ಮೊಮ್ಮಗಳು ತಲೆ ತಗ್ಗಿಸಿದಳು. ಬೇಕಾದರೆ ಮತ್ತೆ ಉಜ್ಜಿ ನುಣುಪು ಮಾಡಿಕೊಡುತ್ತೇನೆ ಎಂದೆ.

"ನೀನು ಉಜ್ಜಿದ್ರೆ ಏನು ಬಂತು? ಬಿಡು, ಇನ್ನೊಂದು ಎಪ್ಪತ್ತು ವರ್ಷ ನಾನೇ ಸವರ್ತೀನಿ" ಎಂದು ಬೊಚ್ಚುಬಾಯಲ್ಲಿ ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿ ಮುಚ್ಚುವಾಗ ಉಳಿಯನ್ನು ಎತ್ತಿಡಲು ಹೋದೆ. ಅದರ ಮರದ ಹಿಡಿಯಲ್ಲೂ ನನ್ನ ಹೆಬ್ಬೆರಳಿನಷ್ಟೇ ಒಂದು ಹಳ್ಳ ಬಿದ್ದಿದೆ. ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ನಾನು ಹೋದ ಮೇಲೆ ಅದನ್ನು ಸುಮ್ಮನೆ ಸವರಿ ನೋಡಿ, ಇದು ಅವನದೇ ಎಂದು ಯಾರಾದರೂ ಹೇಳುತ್ತಾರೆಯೇ?